ಮೇಲೆ ಹೋಗೋಣ ಎನ್ನುವ ಹಕ್ಕು

ಮಳವಳ್ಳಿ ತಾಲ್ಲೂಕಿನ ಬ್ಲಫ್ ಊರಾಗಿ ಬೆಳೆದದ್ದೇ ನೀರಿನ ಒತ್ತಡದ ದೆಸೆಯಿಂದ. ಶಿವನಸಮುದ್ರದಲ್ಲಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಕಾವೇರಿಯ ಒಂದು ಪಾಲನ್ನು ಕಾಲುವೆಗೆ ತಿರುಗಿಸಿ, ಉಕ್ಕಿನ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಕ್ಕೆ ಬಿಟ್ಟು, 1902ರಲ್ಲಿ ಇಲ್ಲಿ ವಿದ್ಯುತ್ ತೆಗೆದರು. ಆ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಕೊಟ್ಟಿತು. ಇದರ ಹಿಂದಿನ ಲೆಕ್ಕ ಸರಳ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ನೆಲದ ಮೇಲಿನ ವಾಯುಭಾರದಷ್ಟೇ ಇನ್ನೊಂದು ಭಾರ ಮೇಲೆ ಬೀಳುತ್ತದೆ. ಬ್ಲಫ್‌ನಲ್ಲಿ ಟರ್ಬೈನ್ ತಿರುಗಿಸುವ ಇದೇ ಲೆಕ್ಕ, ಮುರ್ಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ಒಳಗಿರುವ ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾಕ್ಕೆ ಇಳಿಯುವ ಹತ್ತು ವರ್ಷದ ಮಗುವಿನ ಕಿವಿತಮಟೆಯ ಮೇಲೂ ಕೆಲಸ ಮಾಡುತ್ತದೆ. ಕೊಳವೆಗೆ ಉಕ್ಕಿನ ಗೋಡೆಯಿದೆ. ಮಗುವಿಗಿರುವುದು ಕಲಿಕೆ ಮತ್ತು ಪಕ್ಕದಲ್ಲಿರುವ ಜೊತೆಗಾರ, ಇಷ್ಟೇ. ಅಂಥ ಕಡೆ ಮಗುವನ್ನು ಕಳಿಸಬಹುದೇ, ಕಳಿಸಿದರೆ ಯಾವ ಅಧಿಕಾರದಿಂದ ಎಂಬುದು ಮೇಲ್ನೋಟಕ್ಕೆ ಕ್ರೀಡೆಯ ಪ್ರಶ್ನೆ. ಕೆದಕಿದರೆ, ಹೆತ್ತವರ ಧರ್ಮ ಏನು ಎಂಬ ಹಳೆಯ ಪ್ರಶ್ನೆಯೇ ಅಡಿಯಲ್ಲಿ ಸಿಗುತ್ತದೆ.

ಈ ಸೀಮೆಗೆ ಆ ಪ್ರಶ್ನೆ ಹೊಸದಲ್ಲ. ಬ್ಲಫ್‌ನಿಂದ ಕೆಳಗೆ ಅದೇ ಕಾವೇರಿಯ ದಂಡೆಯಲ್ಲಿ ಮುತ್ತತ್ತಿ ಇದೆ. ಸೀತೆಯ ಮೂಗುತಿ ಹೊಳೆಗೆ ಬಿದ್ದಾಗ ಆಂಜನೇಯ ಬಾಲದಿಂದ ಮಡುವನ್ನು ಕಲಕಿ ಅದನ್ನು ಹೊರತೆಗೆದನೆಂದು ಅಲ್ಲಿನ ಸ್ಥಳಪುರಾಣ ಹೇಳುತ್ತದೆ. ಮುತ್ತೆತ್ತರಾಯನಿಗೆ ಹರಕೆ ಹೊತ್ತು ಬರುವ ಜನ ಆ ಆಳವನ್ನು ಕೈಮುಗಿದು ನೋಡುತ್ತಾರೆ. ಅದೇ ಬಾಯಲ್ಲಿ ಮಕ್ಕಳಿಗೆ ‘ನೀರಿಗಿಳಿದರೆ ಕಾಲು ಮುರೀತೀನಿ’ ಎನ್ನುತ್ತಾರೆ. ಎರಡರಲ್ಲೂ ನ್ಯಾಯವಿದೆ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ಹೊಳೆ ದಿಢೀರನೆ ಏರುತ್ತದೆ, ಬಂಡೆಗಳ ಸಂದಿನಲ್ಲಿ ಸುಳಿ ಕಣ್ಣಿಗೆ ಕಾಣದೆ ತಿರುಗುತ್ತಿರುತ್ತದೆ. ನದಿ ತಾಯಿ ಎಂಬ ನಂಬಿಕೆಯೂ ನದಿ ಕೊಲ್ಲುತ್ತದೆ ಎಂಬ ತಿಳಿವಳಿಕೆಯೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳಿಕೊಂಡು ಬಂದಿವೆ. ಇವೆರಡರ ನಡುವೆ ಮಗು ಬಂದು ‘ನಾನು ಒಳಗೆ ಹೋಗಿ ನೋಡಬೇಕು’ ಎಂದಾಗ ಮಾತ್ರ ಜಗಳ ಶುರುವಾಗುತ್ತದೆ. ಆ ಆಸೆ ಮಗುವಿಗೆ ಬರುವುದಕ್ಕೆ ಈಗ ಕಾರಣಗಳೂ ಹೆಚ್ಚಿವೆ. ರಾಜ್‌ಕುಮಾರ್ ಅವರಿಗೆ ಹೆತ್ತವರು ಇಟ್ಟಿದ್ದ ಮುತ್ತುರಾಜ ಎಂಬ ಹೆಸರು ಮುತ್ತತ್ತಿಯ ದೇವರದ್ದು. ಅವರ ಮಗ ಪುನೀತ್ ನೇತ್ರಾಣಿಯ ನೀರಿನಡಿ ಇಳಿದದ್ದನ್ನು 2022ರಲ್ಲಿ ‘ಗಂಧದ ಗುಡಿ’ಯ ತೆರೆಯ ಮೇಲೆ ನಾಡಿನ ಮಕ್ಕಳೆಲ್ಲ ಕಣ್ಣರಳಿಸಿ ನೋಡಿದ್ದಾರೆ.

ಬೇಡವೆನ್ನುವುದು ಸುಲಭದ ಉತ್ತರ, ಹಲವು ಸಲ ಸರಿಯಾದ ಉತ್ತರವೂ ಹೌದು. ಆದರೆ ಬೇಡವೆಂದ ಮಾತ್ರಕ್ಕೆ ಧರ್ಮ ಪೂರೈಸಿತೆಂದುಕೊಳ್ಳುವಂತಿಲ್ಲ. ಮಂಡ್ಯ ನಾಲೆಗಳ ಜಿಲ್ಲೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಸೇರಿ 30 ಮಂದಿ ಸತ್ತರು. ಅವರಲ್ಲಿ ಯಾರೂ ನೀರನ್ನು ಹುಡುಕಿಕೊಂಡು ಹೋಗಿರಲಿಲ್ಲ. ಈಜು ಬಂದಿದ್ದರೆ ಬದುಕುತ್ತಿದ್ದರು ಎಂದು ಹೇಳುವುದು ಆ ಸಾವುಗಳಿಗೆ ಮಾಡುವ ಅವಮಾನ. ನಾನು ಹೇಳುತ್ತಿರುವುದು ಅದಲ್ಲ. ದೂರವಿಡುವುದರಿಂದ ಸಿಗುವ ರಕ್ಷಣೆಗೆ ಒಂದು ಮೇರೆಯಿದೆ ಎಂದಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಬೇಲಿ, ಕಾವಲುಗಳ ಜೊತೆಗೆ ಶಾಲಾ ವಯಸ್ಸಿನ ಮಕ್ಕಳಿಗೆ ಈಜನ್ನೂ ನೀರಿನ ಎಚ್ಚರವನ್ನೂ ಕಲಿಸಬೇಕೆಂದು ಆ ಸಂಸ್ಥೆ ಹೇಳುವುದಕ್ಕೆ ಕಾರಣ ಇದೇ. ಇಲ್ಲೊಂದು ಆಕ್ಷೇಪ ಏಳುತ್ತದೆ: ಈಜು ಅಗತ್ಯ, ಒಪ್ಪೋಣ, ಸ್ಕೂಬಾ ಉಳ್ಳವರ ಶೋಕಿ. ಈಜೇ ಬಾರದ ಮಕ್ಕಳಿರುವ ಜಿಲ್ಲೆಯಲ್ಲಿ ಕಡಲಡಿಯ ಮಾತೇಕೆ? ಮೊದಲು ಈಜು ಎಂಬ ಸರದಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸ್ಕೂಬಾ ಅಗತ್ಯವಲ್ಲ ಎನ್ನುವ ಕಾರಣಕ್ಕೇ ಪ್ರಶ್ನೆ ಅಲ್ಲಿ ಹೆಚ್ಚು ನಿಚ್ಚಳವಾಗುತ್ತದೆ. ಅಗತ್ಯವಿದ್ದಾಗ ಹೆತ್ತವರು ಅದರ ಮರೆಯಲ್ಲಿ ನಿಲ್ಲಬಹುದು. ಅಗತ್ಯವಿಲ್ಲದ ಕಡೆ ಆ ಮರೆಯಿಲ್ಲ. ಕಳಿಸಿದ್ದಕ್ಕೆ ನ್ಯಾಯವಾದ ಕಾರಣವನ್ನು ಅವರೇ ಕೊಡಬೇಕು.

ಮಕ್ಕಳನ್ನು ಅಪಾಯಕ್ಕೆ ಕಳಿಸಿದ ಹಿರಿಯರ ಕಥೆಗಳಲ್ಲಿ ಅಭಿಮನ್ಯುವಿನದಕ್ಕಿಂತ ನಿಷ್ಠುರವಾದದ್ದು ನಮ್ಮಲ್ಲಿಲ್ಲ. ಚಕ್ರವ್ಯೂಹವನ್ನು ಭೇದಿಸುವ ವಿದ್ಯೆಯನ್ನು ಅವನು ಸುಭದ್ರೆಯ ಗರ್ಭದಲ್ಲಿದ್ದಾಗಲೇ ಕೇಳಿಸಿಕೊಂಡಿದ್ದ, ಅಷ್ಟರಲ್ಲಿ ತಾಯಿಗೆ ನಿದ್ದೆ ಬಂತು ಎಂಬುದು ಜನರ ಬಾಯಲ್ಲಿ ಬೆಳೆದ ಕಥೆ. ವ್ಯಾಸಭಾರತದ ದ್ರೋಣಪರ್ವದಲ್ಲಿ ಅದಕ್ಕಿಂತ ಚುರುಕಾದ ಸಂಗತಿಯಿದೆ. ವ್ಯೂಹವನ್ನು ಒಡೆಯುವುದನ್ನು ತಂದೆ ಕಲಿಸಿದ್ದಾನೆ, ಆಪತ್ತು ಬಂದರೆ ಹೊರಬರುವುದು ತನಗೆ ಗೊತ್ತಿಲ್ಲ ಎಂದು ಹುಡುಗನೇ ಬಾಯಿಬಿಟ್ಟು ಹೇಳುತ್ತಾನೆ. ಕೇಳಿಸಿಕೊಂಡವನು ಯುಧಿಷ್ಠಿರ, ಧರ್ಮರಾಯನೆಂದೇ ಹೆಸರಾದವನು. ನೀನು ದಾರಿ ಮಾಡು, ನಾವು ಬೆನ್ನಿಗೇ ಬರುತ್ತೇವೆ ಎಂದು ಹಿರಿಯರು ಭರವಸೆ ಕೊಡುತ್ತಾರೆ. ಸೈಂಧವ ಅಡ್ಡನಿಲ್ಲುತ್ತಾನೆ, ಭರವಸೆ ವ್ಯೂಹದ ಬಾಯಲ್ಲೇ ಉಳಿಯುತ್ತದೆ. ನಾವು ಈ ಕಥೆಯನ್ನು ಬಾಲಕನ ಪರಾಕ್ರಮವೆಂದು ಹಾಡಿ, ಕೊಂದವರ ಅಧರ್ಮವೆಂದು ಶಪಿಸಿ ಮುಗಿಸುತ್ತೇವೆ. ಕಳಿಸಿದವರ ತಪ್ಪು ಅದರಲ್ಲಿ ಮರೆಯಾಗುತ್ತದೆ. ಯುದ್ಧಕ್ಕೆ ಕಳಿಸಿದ್ದನ್ನು ಕ್ಷತ್ರಿಯಧರ್ಮವೆಂದು ಸಮರ್ಥಿಸಬಹುದು. ಹಿಂದಿರುಗುವ ವಿದ್ಯೆ ಇಲ್ಲವೆಂದು ತಿಳಿದೂ, ಆ ಕೊರತೆಯನ್ನು ತಮ್ಮದೊಂದು ಮಾತಿನಿಂದ ತುಂಬಿಬಿಡಬಹುದೆಂದು ನಂಬಿದ್ದನ್ನು ಸಮರ್ಥಿಸಲಾಗದು. ಮಗುವಿನ ಬಳಿ ಇರಬೇಕಾದ ವಿದ್ಯೆಯ ಜಾಗದಲ್ಲಿ ಹಿರಿಯರ ಪ್ರೀತಿ, ಹಾರೈಕೆ, ‘ನಾವಿದ್ದೇವಲ್ಲ’ ಎಂಬ ಧೈರ್ಯ ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಭಾರತವೇ ಸಾಕ್ಷಿ.

ಈ ದೃಷ್ಟಿಯಿಂದ ನೋಡಿದರೆ ಸ್ಕೂಬಾ ಕಲಿಕೆಯ ಕ್ರಮ ಕುತೂಹಲ ಹುಟ್ಟಿಸುತ್ತದೆ. ಅಲ್ಲಿ ಪಾಠದ ಬಹುಭಾಗ ಹಿಂದಿರುಗುವುದರದ್ದೇ. ಬಾಯಿಂದ ಕಳಚಿದ ಉಸಿರುನಳಿಗೆಯನ್ನು ಹುಡುಕಿ ಮತ್ತೆ ಕಚ್ಚಿಕೊಳ್ಳುವುದು, ಮಾಸ್ಕಿಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಗಾಳಿ ತೀರಿದರೆ ಜೊತೆಗಾರನ ಸಿಲಿಂಡರಿನಿಂದ ಉಸಿರಾಡುತ್ತ ಮೇಲೇರುವುದು, ಏರುವಾಗ ಅವಸರ ಮಾಡದಿರುವುದು. ಇದೆಲ್ಲ ಆಳಕ್ಕೆ ಹೋಗುವ ಮುನ್ನ, ಎದೆಮಟ್ಟದ ನೀರಿನಲ್ಲಿ ಕೈಗೆ ಹತ್ತಬೇಕು. ಅದಕ್ಕಿಂತಲೂ ಮುಖ್ಯವಾದ ಪಾಠ, ಎಂದೂ ಉಸಿರು ಕಟ್ಟಬಾರದು ಎಂಬುದು. 10 ಮೀಟರ್ ಆಳದಲ್ಲಿ ಒಳಗೆಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಏರಿದರೆ ಶ್ವಾಸಕೋಶ ಹರಿಯಬಹುದು, ಈಜುಕೊಳದ ಆಳದಿಂದ ಏರುವಾಗಲೂ ಈ ಅಪಾಯವುಂಟು. ಹೊಳೆಯಲ್ಲಿ ಈಜಿ ಬೆಳೆದ ಅಪ್ಪನಿಗೆ ಗೊತ್ತಿರುವುದು ಇದಕ್ಕೆ ತದ್ವಿರುದ್ಧ: ಮೂಗು ಮುಚ್ಚಿ, ದಮ್ಮು ಹಿಡಿದು ಮುಳುಗು. ಯೋಗಾಭ್ಯಾಸದ ಮನೆಯಲ್ಲಿ ಕುಂಭಕವೆಂದು ಗೌರವಿಸುವುದು ಕೂಡ ಉಸಿರನ್ನು ತಡೆಹಿಡಿಯುವ ಶಕ್ತಿಯನ್ನೇ. ಹಿರಿಯರು ಅನುಭವಸ್ಥರು, ಅವರು ಹೇಳಿದಂತೆ ಕೇಳು ಎಂಬ ಬುದ್ಧಿವಾದ ಇಲ್ಲಿ ಮಗುವಿನ ಜೀವಕ್ಕೇ ಎರವಾಗಬಲ್ಲದು. ಮಗುವಿಗೆ ಬೆಂಬಲವಾಗಿ ನಿಲ್ಲಬೇಕೆನ್ನುವವರು ಮೊದಲು ತಾವೇ ಶಿಷ್ಯರಾಗಬೇಕಾಗುತ್ತದೆ.

ಎಲ್ಲ ಇಳಿತವೂ ಕಲಿಕೆಯಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನೇತ್ರಾಣಿಗೆ ಪ್ರವಾಸ ಹೋದವರಲ್ಲಿ ಹೆಚ್ಚಿನವರು ಮಾಡುವುದು, ತರಬೇತುದಾರ ಕೈಹಿಡಿದು ಒಯ್ದು ತೋರಿಸಿ ಕರೆತರುವ ಒಂದು ಹೊತ್ತಿನ ಅನುಭವ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ಹಿಂದಿರುಗುವ ವಿದ್ಯೆ ತರಬೇತುದಾರನದ್ದು, ಮಗುವಿನದಲ್ಲ. ಕಲಿಯುವ ಮಗುವಿಗೆ ನಿಯಮಗಳೇ ಬೇರೆ. 1966ರಲ್ಲಿ ಹುಟ್ಟಿದ, ಇವತ್ತು ಜಗತ್ತಿನಾದ್ಯಂತ ಸ್ಕೂಬಾ ಕಲಿಸುವ ಪ್ಯಾಡಿ ಸಂಸ್ಥೆ ಎಂಟು ವರ್ಷದ ಮಗುವನ್ನು ತೀರ ಕಡಿಮೆ ಆಳದ ಆಚೆ ಬಿಡುವುದಿಲ್ಲ. ಕಿರಿಯರ ಪ್ರಮಾಣಪತ್ರಕ್ಕೆ ಹತ್ತು ವರ್ಷ ತುಂಬಿರಬೇಕು. ಹತ್ತು-ಹನ್ನೊಂದರ ಮಕ್ಕಳು 12 ಮೀಟರ್ ದಾಟುವಂತಿಲ್ಲ, ಅದೂ ಪ್ರಮಾಣಪತ್ರವಿರುವ ತಂದೆತಾಯಿ, ಪೋಷಕರು ಅಥವಾ ಸಂಸ್ಥೆಯ ತರಬೇತುದಾರರ ಜೊತೆಯಲ್ಲೇ. ಹನ್ನೆರಡರಿಂದ ಹದಿನಾಲ್ಕರವರಿಗೆ ಪ್ರಮಾಣಪತ್ರವಿರುವ ವಯಸ್ಕರು ಜೊತೆಗಿರಬೇಕು. ಆಸ್ತಮಾ ಮುಂತಾದ ಕಾಯಿಲೆಗಳ ವಿಚಾರಣೆಯ ಪತ್ರಕ್ಕೂ ಹೊಣೆಯ ಪತ್ರಕ್ಕೂ ಹೆತ್ತವರು ಸಹಿ ಹಾಕಬೇಕು. ಆಕ್ಷೇಪಕ್ಕೆ ಇಲ್ಲಿ ಬಲವಾದ ನೆಲೆ ಸಿಗುತ್ತದೆ. ಸಹಿ ಹಾಕುವವರು ಒಬ್ಬರು, ಜೀವ ಇನ್ನೊಬ್ಬರದು. ಅಪಾಯವೆಂದರೇನೆಂದು ಪೂರ್ತಿ ಗ್ರಹಿಸಲಾಗದ ಮಗುವಿನ ‘ಹೂಂ’ಗೆ ಏನು ಬೆಲೆ? ಬೇರೆಯವರ ಜೀವವನ್ನು ಪಣಕ್ಕಿಡಲು ನಮಗೇನು ಹಕ್ಕು?

ಈ ಆಕ್ಷೇಪದ ಅರ್ಧ ನಿಜ. ಮಗುವಿನ ಒಪ್ಪಿಗೆ ಅಪೂರ್ಣವೇ. ಆದರೆ ಅದರ ನಿರಾಕರಣೆ ಅಪೂರ್ಣವಲ್ಲ. ನನ್ನ ವಾದ ನಿಂತಿರುವುದು ಈ ಅಸಮತೆಯ ಮೇಲೆ. ನಮ್ಮ ದರ್ಶನಗಳು ಜ್ಞಾನದ ದಾರಿಗಳನ್ನು ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ವಿಂಗಡಿಸುತ್ತವೆ. ಕಡಲಡಿಯ ಅಪಾಯವೇನು, ಶ್ವಾಸಕೋಶ ಏಕೆ ಹರಿಯುತ್ತದೆ, ಇವತ್ತಿನ ಸೆಳೆತ ಎಷ್ಟು ಎಂಬುದೆಲ್ಲ ಮಗುವಿಗೆ ಸಿಗುವುದು ಬಲ್ಲವರ ಮಾತಿನಿಂದ. ಹಾಗಾಗಿ ಅದರ ‘ಹೂಂ’ ಎರವಲು ತಿಳಿವಳಿಕೆಯ ಮೇಲೆ ಕೂತಿದೆ. ಅದಕ್ಕೆ ವೈದ್ಯರ, ತರಬೇತುದಾರರ, ಹೆತ್ತವರ ಒಪ್ಪಿಗೆಯ ಆಸರೆ ಬೇಕು. ಕಿವಿನೋವು ಹಾಗಲ್ಲ. ಕಿವಿಯ ನಡುಭಾಗವನ್ನು ಗಂಟಲಿಗೆ ಜೋಡಿಸುವ ನಾಳ ಮಕ್ಕಳಲ್ಲಿ ಕಿರಿದು, ಹೆಚ್ಚು ಅಡ್ಡಲಾಗಿರುತ್ತದೆ. ಒಳಹೊರಗಿನ ಒತ್ತಡವನ್ನು ಸರಿದೂಗಿಸುವುದು ಅವಕ್ಕೆ ದೊಡ್ಡವರಿಗಿಂತ ಕಷ್ಟ. ಆ ನೋವು ಮಗುವಿಗೆ ಪ್ರತ್ಯಕ್ಷ. ಅರ್ಧ ಮೀಟರ್ ಪಕ್ಕದಲ್ಲೇ ಇರುವ ತಂದೆಗೆ ಬರೀ ಅನುಮಾನ. ಭಯವೂ ಹಾಗೆಯೇ, ಚಳಿಯೂ ಹಾಗೆಯೇ. ತನ್ನ ಒಳಗೆ ನಡೆಯುತ್ತಿರುವುದರ ಬಗ್ಗೆ ಹತ್ತು ವರ್ಷದ ಮಗುವೇ ಲೋಕದಲ್ಲಿ ಎಲ್ಲರಿಗಿಂತ ಬಲ್ಲಿದ ಸಾಕ್ಷಿ. ಆದ್ದರಿಂದ ‘ಹೂಂ’ಗೆ ನಾಲ್ಕು ಜನರ ಪರಿಶೀಲನೆ ಬೇಕು, ‘ಬೇಡ’ಕ್ಕೆ ಒಬ್ಬರದೂ ಬೇಕಿಲ್ಲ. ನೆಲದ ಮೇಲೆ ಶಭಾಷ್ ಎನ್ನುವ ಎತ್ತಿದ ಹೆಬ್ಬೆರಳಿಗೆ ನೀರಿನಡಿ ‘ಮೇಲೆ ಹೋಗೋಣ’ ಎಂಬುದೇ ಅರ್ಥ. ಜೊತೆಯಲ್ಲಿರುವ ಯಾರೇ ಅದನ್ನು ತೋರಿಸಲಿ, ಯಾವಾಗಲೇ ತೋರಿಸಲಿ, ಕಾರಣ ಕೇಳದೆ ಎಲ್ಲರೂ ಮೇಲೇರಬೇಕೆಂಬುದು ಆ ವಿದ್ಯೆಯ ಮೊದಲ ಶಿಸ್ತುಗಳಲ್ಲೊಂದು. ಬೇರೆಯವರ ಜೀವವನ್ನು ಪಣಕ್ಕಿಡುವ ಹಕ್ಕು ಹೆತ್ತವರಿಗಿಲ್ಲ. ಮಗು ಯಾವ ಗಳಿಗೆಯಲ್ಲಿ ಬೇಕಾದರೂ ಪಣವನ್ನು ಹಿಂತೆಗೆದುಕೊಳ್ಳಬಹುದು ಎಂಬ ಕರಾರಿನ ಮೇಲೆ ಜೊತೆಗೆ ಹೋಗುವ ಹಕ್ಕು ಮಾತ್ರ ಇದೆ.

ಶಿಸ್ತಿನ ಪಕ್ಷದವರು ಇದನ್ನು ಒಪ್ಪಲಾರರು. ಬೇಡವೆಂದಾಗಲೆಲ್ಲ ಬಿಟ್ಟುಕೊಟ್ಟರೆ ಮಗು ಯಾವುದನ್ನೂ ಮುಗಿಸುವುದಿಲ್ಲ, ಪುಕ್ಕಲಾಗುತ್ತದೆ. ಅಳುತ್ತ ಅಳುತ್ತಲೇ ಅಲ್ಲವೇ ಅಕ್ಷರ ಕಲಿಯುವುದು ಎಂಬುದು ಅವರ ಮಾತು. ಮಗ್ಗಿಯ ವಿಷಯದಲ್ಲಿ ಅದು ಸರಿಯಿರಬಹುದು. ಬೇಡವೆಂಬ ಮಗುವನ್ನು ಇನ್ನೊಂದು ಗಂಟೆ ಕೂರಿಸಿದರೆ ಆಗುವ ನಷ್ಟ ನಾಳೆ ತುಂಬಿಬರುತ್ತದೆ. ಹರಿದ ಕಿವಿತಮಟೆ, ಗಾಬರಿಯಲ್ಲಿ ಉಸಿರು ಕಟ್ಟಿಕೊಂಡು ಮೇಲಕ್ಕೆ ಚಿಮ್ಮಿದ ದೇಹ ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಮುಂದುವರಿದು ಹೇಳುವುದಾದರೆ, ನೀರಿನಲ್ಲಿ ಹೆಚ್ಚು ಅಪಾಯದಲ್ಲಿರುವುದು ಹೆದರಿದ ಮಗುವಲ್ಲ, ಹೆದರಿಕೆಯನ್ನು ಅಪ್ಪನಿಂದ ಮುಚ್ಚಿಟ್ಟ ಮಗು. ಕಿವಿ ನೋಯುತ್ತಿದ್ದರೂ ಸರಿಯಿದೆ ಎಂದು ಕೈಸನ್ನೆ ಮಾಡುವುದು, ನೆಗಡಿಯಿದ್ದದ್ದನ್ನು ದೋಣಿ ಹತ್ತುವಾಗ ಹೇಳದಿರುವುದು ಮಗುವಿನ ಧೈರ್ಯದಿಂದ ಬರುವಂಥವಲ್ಲ. ‘ಇಷ್ಟು ದುಡ್ಡು ಕಟ್ಟಿದ್ದೇವೆ’, ‘ಅಷ್ಟು ದೂರದಿಂದ ಬಂದಿದ್ದೇವೆ’, ‘ಪಕ್ಕದ ಮನೆಯವಳು ಮಾಡಿದಳಲ್ಲ’ ಎಂಬ ಮಾತುಗಳಿಂದ ಬರುತ್ತವೆ. ಹೆತ್ತವರ ಹೆಮ್ಮೆ ಇಲ್ಲಿ ಬರೀ ಸ್ವಭಾವದೋಷವಾಗಿ ಉಳಿಯದೆ, ಹಳೆಯ ರಬ್ಬರ್ ನಳಿಗೆಯಷ್ಟೇ ನಿಜವಾದ ಸಲಕರಣೆಯ ದೋಷವಾಗುತ್ತದೆ. ತಿರುಗಿ ಬಂದರೆ ಮನೆಯಲ್ಲಿ ಮುಖ ಬಾಡುವುದಿಲ್ಲ ಎಂದು ಖಾತ್ರಿಯಿರುವ ಮಗುವಿಗೆ ಮಾತ್ರ ಮುಂದೆ ಹೋಗುವ ಆಸೆ ತನ್ನದೇ ಆಗಿರುತ್ತದೆ.

ಮನೆಯ ದೊಡ್ಡಸ್ತಿಕೆಗೆ ಇದು ನುಂಗಲಾರದ ತುತ್ತು. ಮಗು ಬೆರಳೆತ್ತಿದರೆ ತಂದೆ ಮರುಮಾತಿಲ್ಲದೆ ಪಾಲಿಸಬೇಕೆಂದರೆ ಪಿತೃವಾಕ್ಯ ಪರಿಪಾಲನೆಯ ಆದರ್ಶವೇ ತಲೆಕೆಳಗಾಯಿತಲ್ಲ! ಕಠೋಪನಿಷತ್ತು ಈ ತುತ್ತನ್ನು ನುಂಗಲು ನೆರವಾಗುತ್ತದೆ. ಯಾಗದಲ್ಲಿ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ ತಂದೆಯನ್ನು ನಚಿಕೇತ ‘ನನ್ನನ್ನು ಯಾರಿಗೆ ಕೊಡುತ್ತೀ’ ಎಂದು ಮೂರು ಸಲ ಕೇಳುತ್ತಾನೆ. ಸಿಟ್ಟಿಗೆದ್ದ ತಂದೆ ಮೃತ್ಯುವಿಗೆ ಎಂದುಬಿಡುತ್ತಾನೆ. ಹುಡುಗ ಹೋದ, ಯಮನ ಬಾಗಿಲಲ್ಲಿ ಮೂರು ರಾತ್ರಿ ಕಾದ, ಮೂರು ವರ ಪಡೆದ. ಮೂರನೆಯ ವರ, ಸಾವಿನಾಚೆಯ ರಹಸ್ಯ, ಲೋಕಪ್ರಸಿದ್ಧ. ಮೊದಲನೆಯದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ: ತಂದೆಯ ಸಿಟ್ಟು ಇಳಿಯಲಿ, ಹಿಂದಿರುಗಿದಾಗ ಆತ ನನ್ನನ್ನು ಗುರುತಿಸಿ ಪ್ರೀತಿಯಿಂದ ಮಾತಾಡಿಸಲಿ. ಬ್ರಹ್ಮಜ್ಞಾನಕ್ಕಿಂತ ಮೊದಲು ಆ ಮಗುವಿಗೆ ಬೇಕಾಗಿದ್ದದ್ದು ಮನೆಗೆ ಹಿಂದಿರುಗುವ ದಾರಿ, ದಾರಿಯ ಕೊನೆಯಲ್ಲಿ ಶಾಂತನಾದ ತಂದೆ. ಪಿತೃವಾಕ್ಯವನ್ನು ಅವನಷ್ಟು ಅಕ್ಷರಶಃ ಪಾಲಿಸಿದವರಿಲ್ಲ. ಆದರೂ ತಂದೆ ಬದಲಾಗಬೇಕೆಂದು ಕೇಳಲು ಅವನು ಹಿಂಜರಿಯಲಿಲ್ಲ. ಅಧಿಕಾರ ಪೂರ್ತಿ ಕೈಬದಲಾಗಬೇಕೆಂದು ನಾನೂ ಹೇಳುತ್ತಿಲ್ಲ. ಎಲ್ಲಿ, ಯಾವಾಗ, ಎಷ್ಟು ಆಳ, ಯಾರ ಜೊತೆ ಎಂಬುದನ್ನು ನಿರ್ಧರಿಸುವವರು ದೊಡ್ಡವರೇ. ಆಪತ್ತಿನಲ್ಲಿ ಹತ್ತು ವರ್ಷದ ಮಗು ದೊಡ್ಡವರನ್ನು ಎತ್ತಿ ತರಲಾರದು ಎಂಬ ಅರಿವೂ ಅವರಿಗಿರಬೇಕು. ಆ ಕಾರಣಕ್ಕೇ ಅವರು ತಮ್ಮನ್ನು ತಾವೇ ಕಾಪಾಡಿಕೊಳ್ಳುವಷ್ಟು ನುರಿತಿರಬೇಕು. ಹಿಂದಿರುಗುವ ಆ ಒಂದು ವಿಷಯದಲ್ಲಿ ಮಾತ್ರ ಕೊನೆಯ ಮಾತು ಮಗುವಿನದು.

ಉಳಿದದ್ದು ದೈವದ ಮಾತು. ಆಯುಷ್ಯವಿದ್ದರೆ ಕಡಲೂ ಕೊಲ್ಲದು, ಇಲ್ಲದಿದ್ದರೆ ಕೊಡದ ನೀರೂ ಬಿಡದು ಎನ್ನುವವರಿಗೆ ಈ ನಿಯಮ, ಮೀಟರು, ಸಹಿಗಳೆಲ್ಲ ಅಹಂಕಾರದಂತೆ ಕಾಣಬಹುದು. ಆದರೆ ನಂಬಿಕೆಯ ಗ್ರಂಥಗಳೇ ದೈವವನ್ನು ಹಾಗೆ ಬಳಸಿಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕಾರ್ಯಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ನೆಲೆ, ಕರ್ತೃ, ಬಗೆಬಗೆಯ ಸಾಧನಗಳು, ನಾನಾ ಪ್ರಯತ್ನಗಳು, ದೈವ. ದೈವ ಅಲ್ಲಿ ಐದನೆಯದು. ಕಡಲಿನ ಸ್ಥಿತಿ ನೋಡುವುದು, ಇಳಿಯುವವರ ಆರೋಗ್ಯ ನೋಡುವುದು, ಸಲಕರಣೆ ಪರೀಕ್ಷಿಸುವುದು, ಅಭ್ಯಾಸ ಮಾಡುವುದು ಮೊದಲ ನಾಲ್ಕಕ್ಕೆ ಸೇರಿದವು. ಅವನ್ನು ಹಾರಿಸಿ ಐದನೆಯದಕ್ಕೆ ಕೈಮುಗಿಯುವುದನ್ನು ಭಕ್ತಿ ಎನ್ನಲಾಗದು. ತನ್ನ ಪಾಲಿನ ಕೆಲಸವನ್ನು ದೇವರ ತಲೆಗೆ ಕಟ್ಟುವುದು ಅದು. ನಾಲ್ಕನ್ನೂ ಮುಗಿಸಿದವರಿಗೆ ಐದನೆಯದರ ಮುಂದೆ ವಿನಯ ತಾನಾಗಿ ಬರುತ್ತದೆ. ಏಕೆಂದರೆ ಎಷ್ಟೇ ಎಚ್ಚರ ವಹಿಸಿದರೂ ಆಳದಲ್ಲಿ ಒಂದಿಷ್ಟು ಅಪಾಯ ಉಳಿದೇ ಉಳಿಯುತ್ತದೆ, ಅದನ್ನು ಸೊನ್ನೆ ಮಾಡುವ ನಿಯಮ ಎಲ್ಲೂ ಇಲ್ಲ.

ಹಾಗೆ ಉಳಿಯುವ ಅಪಾಯವನ್ನು ಮಗುವಿನ ಮೇಲೆ ಏಕೆ ಹೊರಿಸಬೇಕು ಎಂಬುದಕ್ಕೆ ನನ್ನ ಉತ್ತರ, ಹೆತ್ತವರ ಕಾವಲಿಗೆ ಅವಧಿಯಿದೆ ಎಂಬುದು. ಹದಿನೈದು ತುಂಬಿದಾಗ ಕಿರಿಯರ ಪ್ರಮಾಣಪತ್ರವನ್ನು ದೊಡ್ಡವರದಾಗಿ ಬದಲಿಸಿಕೊಳ್ಳಬಹುದು. ಪಕ್ಕದಲ್ಲಿ ಹೆತ್ತವರಿರಬೇಕೆಂಬ ಕಟ್ಟಳೆ ಅಲ್ಲಿಗೆ ಮುಗಿಯುತ್ತದೆ. ಬದುಕಿನ ಉಳಿದ ಆಳಗಳಿಗೆ ಇಷ್ಟು ಸ್ಪಷ್ಟವಾದ ತಾರೀಖಿಲ್ಲದಿದ್ದರೂ ಆ ದಿನ ಬಂದೇ ಬರುತ್ತದೆ. ಗೆಳೆಯರು ಬಂಡೆಯಿಂದ ಹಾರು ಎಂದು ಹುರಿದುಂಬಿಸುವಾಗ, ಕುಡಿದವನು ಗಾಡಿ ಹತ್ತು ಎಂದು ಕರೆಯುವಾಗ, ಅಪ್ಪ ಅಮ್ಮ ಪಕ್ಕದಲ್ಲಿರುವುದಿಲ್ಲ. ಆಗ ಬೇಕಾಗುವುದು ನಾಲ್ಕು ಜನರ ಮುಂದೆ ಸಂಕೋಚವಿಲ್ಲದೆ ‘ನಾನು ಬರಲ್ಲ’ ಎನ್ನುವ ಅಭ್ಯಾಸ. ಹಾಗೆ ಹೇಳಿದಾಗ ತನಗಿಂತ ದೊಡ್ಡವರೂ ಗೌರವಿಸಿದ್ದನ್ನು ಕಂಡ ಮಗುವಿಗೆ ಮಾತ್ರ ಆ ಅಭ್ಯಾಸ ಬಂದೀತು. ಇದಕ್ಕೆ ನೇತ್ರಾಣಿಯೇ ಬೇಕೆಂದಿಲ್ಲ. ಬ್ಲಫ್‌ನ ಮಗುವಿಗೆ ಈಜುಕೊಳದಲ್ಲಿ ಕಾಲು ನೆಲ ಬಿಡುವ ಗಳಿಗೆಯಲ್ಲೂ ಇದೇ ಕರಾರು ಸಾಕು. ಕಡಲಡಿಯ ಕಲಿಕೆ ಆ ಕರಾರನ್ನು ಬರೆದಿಟ್ಟಂತೆ ಕಾಣಿಸುತ್ತದೆ, ಅಷ್ಟೇ. ಹಾಗಾಗಿ ಮಗುವನ್ನು ಕಳಿಸಬಹುದೇ ಎಂಬ ಪ್ರಶ್ನೆಯನ್ನು ಕೇಳುವ ಮುನ್ನ ಹೆತ್ತವರು ತಮ್ಮನ್ನೇ ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ: ದುಡ್ಡು ಕಟ್ಟಿ, ರಜೆ ಹಾಕಿ, ಊರಿಗೆಲ್ಲ ಹೇಳಿ ಹೊರಟ ಮೇಲೆ, ಇಳಿದು ಎರಡೇ ನಿಮಿಷಕ್ಕೆ ಮಗು ಸಾಕು ಎಂದರೆ ಕಾರಣ ಕೇಳದೆ ಮೇಲೆ ಬರಲು ನಾವು ತಯಾರಿದ್ದೇವೆಯೇ? ತಯಾರಿರುವವರು ಕಳಿಸಬಹುದು. ಇಲ್ಲದವರು ಮಗುವಿಗೆ ಇನ್ನೂ ವಯಸ್ಸಾಗಿಲ್ಲ ಎಂದು ನೆಪ ಹೇಳುವುದು ಬೇಡ. ಕಲಿಕೆ ಬಾಕಿಯಿರುವುದು ತಮ್ಮದೇ.